ಡಿಸ್ಕು ಬೆಳೆಯಿತು, ಅಂಕಿ ಸಾಲದಾಯಿತು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ – ಈ ನಾಲ್ಕರಲ್ಲಿ ಯಾವ ತಾಲ್ಲೂಕು ಕಚೇರಿಗೆ ಹೋದರೂ ಅಲ್ಲೊಂದು ರೆಕಾರ್ಡ್ ರೂಮು ಉಂಟು. ಅಜ್ಜನ ಕಾಲದ ಖಾತೆ, ಹಿಸ್ಸೆಯ ನಕ್ಷೆ, ಮಂಜೂರಾತಿಯ ಕಡತ ಎಲ್ಲವೂ ಅಲ್ಲಿಯೇ. ಪಹಣಿಯೇನೋ ‘ಭೂಮಿ’ ಯೋಜನೆಯಿಂದ ಈ ಶತಮಾನದ ಆರಂಭದಲ್ಲೇ ಕಂಪ್ಯೂಟರಿಗೆ ಬಂತು. ಹಳೆಯ ಕಡತಗಳನ್ನೂ ಹಾಳೆಹಾಳೆಯಾಗಿ ಸ್ಕ್ಯಾನ್ ಮಾಡಿಡುವ ‘ಭೂಸುರಕ್ಷಾ’ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಗೊಂಡಿತು. ಇಷ್ಟು ಹಾಳೆಗಳಿಗೆ ದೊಡ್ಡ ಡಿಸ್ಕು ತಂದು ಜೋಡಿಸಿದರೆ ಆಯಿತಲ್ಲ ಎನ್ನಬಹುದು. ಆದರೆ ಜಾಗವಿದ್ದರೆ ಸಾಲದು, ಅದನ್ನು ಎಣಿಸುವ ಅಂಕಿಯೂ ಬೇಕು.

ಕಂಪ್ಯೂಟರಿನಲ್ಲಿ ನಾವು ಬಳಸುವ ಕಾರ್ಯಕ್ರಮಗಳು ಸಾಮಾನ್ಯವಾಗಿ ಡಿಸ್ಕನ್ನು ತಾವೇ ಮುಟ್ಟುವುದಿಲ್ಲ. ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ‘ಕರ್ನೆಲ್’ ಎಂಬುದಕ್ಕೆ ಒಪ್ಪಿಸುತ್ತವೆ; ರೆಕಾರ್ಡ್ ಕೀಪರನ ಕೆಲಸ ಅದರದು. ಅದು ಡಿಸ್ಕನ್ನು 512 ಬೈಟುಗಳ ಖಾನೆಗಳಾಗಿ ಎಣಿಸುತ್ತದೆ. ಖಾನೆಗೆ ಸೆಕ್ಟರ್ ಎಂದು ಹೆಸರು. ಜಮೀನಿಗೆ ಸರ್ವೆ ನಂಬರಿರುವಂತೆ ಪ್ರತಿ ಸೆಕ್ಟರಿಗೂ ಒಂದು ಸಂಖ್ಯೆ.

ಈ ಸಂಖ್ಯೆ ಬರೆಯಲು ಬಹುಕಾಲ 32 ಬಿಟ್‌ಗಳಿದ್ದವು. ಎಂದರೆ ಸೊನ್ನೆಯನ್ನೋ ಒಂದನ್ನೋ ತುಂಬಬಹುದಾದ 32 ಮನೆಗಳು. ಅಷ್ಟರಲ್ಲಿ 429 ಕೋಟಿ 49 ಲಕ್ಷ 67 ಸಾವಿರದ 296 ಸಂಖ್ಯೆಗಳು ಹಿಡಿಸುತ್ತವೆ. ಅದನ್ನು 512ರಿಂದ ಗುಣಿಸಿದರೆ ಸುಮಾರು 2 ಲಕ್ಷ 20 ಸಾವಿರ ಕೋಟಿ ಬೈಟು. ವಾಡಿಕೆಯಲ್ಲಿ 2 ಟೆರಾಬೈಟ್. ಹಾಳೆಗೆ 10 ಲಕ್ಷ ಬೈಟಿನಂತೆ ಹಿಡಿದರೆ ಸುಮಾರು 22 ಲಕ್ಷ ಹಾಳೆ.

ಅದರ ಮುಂದಿನ ಹಾಳೆಯ ಗತಿಯೇನು? ರಿಜಿಸ್ಟರಿನಲ್ಲಿ ನಂಬರಿಗೆ ನಾಲ್ಕೇ ಮನೆಗಳಿವೆ ಎಂದುಕೊಳ್ಳೋಣ. 9999 ಆದ ಮೇಲೆ 10000 ಬರೆಯಹೋದರೆ ಮುಂದಿನ 1 ಹಿಡಿಸದೆ 0000 ಉಳಿಯುತ್ತದೆ. ಗುಮಾಸ್ತ ಹೊಸ ಕಾಗದವನ್ನು ಮೊದಲ ಖಾನೆಗೇ ತುರುಕುತ್ತಾನೆ, ಅಲ್ಲಿದ್ದುದನ್ನು ಬಿಸಾಡಿ! ಎಚ್ಚರವುಳ್ಳ ಕರ್ನೆಲ್ ಮಿತಿಯಾಚೆಯ ಜಾಗವನ್ನು ಬಳಸದೆ ಬಿಡುತ್ತದೆ. ಎಚ್ಚರ ತಪ್ಪಿದ ಕಡೆ ಯಾವ ಸದ್ದೂ ಇಲ್ಲದೆ ಒಬ್ಬರ ಕಡತದ ಮೇಲೆ ಇನ್ನೊಬ್ಬರದು ಬೀಳುತ್ತದೆ. ಡಿಸ್ಕು ಕೆಟ್ಟರೆ ಗೊತ್ತಾದರೂ ಆಗುತ್ತದೆ. ಇದು ಗೊತ್ತಾಗುವುದು ಯಾರೋ ತಮ್ಮ ಖಾತೆಯ ನಕಲು ಕೇಳಲು ಬಂದಾಗ.

ಫಿನ್ಲೆಂಡಿನ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ಲಿಗೂ ಈ ತೊಡಕು ತಪ್ಪಲಿಲ್ಲ. 2001ರ 2.4 ಆವೃತ್ತಿಯಲ್ಲಿ ಕೆಲವೆಡೆ ಒಂದು ಬಿಟ್ ಧನಋಣ ಚಿಹ್ನೆಗೇ ಹೋಗಿ ಮಿತಿ ಅರ್ಧಕ್ಕಿಳಿಯುತ್ತಿತ್ತು. ಆಸ್ಟ್ರೇಲಿಯದ ಪೀಟರ್ ಚಬ್ ಮೊದಲಾದವರು ಸೆಕ್ಟರ್ ಸಂಖ್ಯೆಯನ್ನು 64 ಬಿಟ್‌ಗೆ ಹಿಗ್ಗಿಸಿದರು. 2003ರ ಡಿಸೆಂಬರಿನಲ್ಲಿ ಹೊರಬಂದ 2.6ರಲ್ಲಿ ಆ ಸೌಲಭ್ಯವಿತ್ತು. ಒಂದು ಕಡೆ ತಿದ್ದಿದರೆ ಮುಗಿಯುವ ಕೆಲಸವಲ್ಲ ಇದು. ಆ ಸಂಖ್ಯೆ ಯಾವ ಯಾವ ಕೈ ದಾಟುತ್ತದೆಯೋ ಅಲ್ಲೆಲ್ಲ ಮನೆಗಳು ಹೆಚ್ಚಬೇಕು. ಹಳೆಯ ಅಳತೆಯ ಒಬ್ಬ ಗುಮಾಸ್ತ ಉಳಿದರೂ ಅಲ್ಲಿ ಅಂಕಿ ಕತ್ತರಿಸಿಹೋಗುತ್ತದೆ. 32 ಬಿಟ್ ಯಂತ್ರಗಳಿಗೆ ಅಷ್ಟು ದೊಡ್ಡ ಸಂಖ್ಯೆಯನ್ನು ಭಾಗಿಸುವುದೇ ಕಷ್ಟ. ಅದಕ್ಕೂ ಬೇರೆ ವಿಧಾನ ಬರೆಯಬೇಕಾಯಿತು. ಇಷ್ಟಾದರೂ ಆ ಯಂತ್ರಗಳು 16 ಟೆರಾಬೈಟಿಗೆ ನಿಂತವು. ಡಿಸ್ಕಿನಿಂದ ಓದಿದ್ದನ್ನು ನೆನಪಿನಲ್ಲಿಡುವಾಗ 4096 ಬೈಟಿನ ಪುಟಗಳನ್ನು ಅವು 32 ಬಿಟ್‌ನಲ್ಲೇ ಎಣಿಸುತ್ತಿದ್ದವು.

ಕರ್ನೆಲ್ ಸರಿಯಾದರೂ ಇನ್ನೊಂದು ಕಾಗದ ಉಳಿಯಿತು. ಡಿಸ್ಕಿನ ಯಾವ ಭಾಗ ಎಲ್ಲಿಂದ ಎಷ್ಟು ದೂರ ಎಂದು ಮೊದಲ ಸೆಕ್ಟರಿನಲ್ಲೇ ಬರೆದಿಡುವ ಪಟ್ಟಿಯದು. 1983ರಲ್ಲಿ ಬಳಕೆಗೆ ಬಂದ ಅದರಲ್ಲೂ 32 ಬಿಟ್‌ಗಳೇ. ಜಿಪಿಟಿ ಎಂಬ ಹೊಸ ಪಟ್ಟಿಯಲ್ಲಿ 64. ಇಂದು 4 ಟೆರಾಬೈಟಿನ ಡಿಸ್ಕು ತಂದವರೂ, ಅದು 512 ಬೈಟಿನ ಲೆಕ್ಕದ್ದಾಗಿದ್ದು ಹಳೆಯ ಪಟ್ಟಿಯಲ್ಲೇ ಒಂದೇ ಭಾಗವಾಗಿ ಸಿದ್ಧಪಡಿಸಿದರೆ, ಕೈಗೆ ಸಿಗುವುದು 2 ಮಾತ್ರ.