ವ್ಯಾಯಾಮದ ಮೊದಲ ವಾರಗಳು: ಸಂಕಲ್ಪ ಸೊರಗದಿರಲಿ

ವೈದ್ಯರು ಸಕ್ಕರೆ ಕಾಯಿಲೆಯ ಎಚ್ಚರಿಕೆ ನೀಡಿದ ಮರುದಿನವೇ ನಸುಕಿನ ನಡಿಗೆಗೆ ಹೊರಡುವವರು ಬಾಗಲಕೋಟೆಯ ನವನಗರದಲ್ಲಾಗಲಿ, ಹುನಗುಂದದಲ್ಲಾಗಲಿ ಕಡಿಮೆಯೇನಿಲ್ಲ. ಆದರೆ ಹೊರಟವರಲ್ಲಿ ಅನೇಕರು ತಿಂಗಳು ತುಂಬುವ ಮೊದಲೇ ಮನೆಯಲ್ಲಿ ಉಳಿಯುತ್ತಾರೆ. ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022ರಲ್ಲಿ ಭಾರತದ ವಯಸ್ಕರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ.

ಉತ್ಸಾಹ ಕುಗ್ಗುವುದೇಕೆ?

ವ್ಯಾಯಾಮದ ಕಷ್ಟ ಇಂದೇ ಅರಿವಿಗೆ ಬರುತ್ತದೆ. ಫಲ ತಡವಾಗಿ ಕಾಣುತ್ತದೆ. ರೂಢಿಯಿಲ್ಲದ ಸ್ನಾಯುಗಳ ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಹೆಚ್ಚಿ, ವಾರದೊಳಗೆ ಇಳಿಯುತ್ತದೆ. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲಕ್ಕೆ ಮುಖ್ಯ ಕಾರಣ, ನರಗಳು ಸ್ನಾಯುಗಳನ್ನು ದುಡಿಸಿಕೊಳ್ಳಲು ಕಲಿಯುವುದು. ಆದ್ದರಿಂದ ಕನ್ನಡಿಯಲ್ಲೂ ತೂಕದ ಯಂತ್ರದಲ್ಲೂ ಬದಲಾವಣೆ ಕಾಣದಿದ್ದರೂ ದೇಹ ಬದಲಾಗುತ್ತಿರುತ್ತದೆ. ಈ ಅವಧಿಯಲ್ಲಿ ತೂಕಕ್ಕಿಂತ ನಡೆದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸುವುದು ಹೆಚ್ಚು ಧೈರ್ಯ ನೀಡುತ್ತದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ರೂಢಿಯೊಂದು ತಾನಾಗಿಯೇ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಅಂದಾಜಿನಂತೆ ಮತ್ತೆ ಕೆಲವರಿಗೆ 254 ದಿನ ಬೇಕು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆ ಆಗಲಿಲ್ಲ. ಮದುವೆ, ಜಾತ್ರೆಗಳಲ್ಲಿ ಒಂದು ದಿನ ತಪ್ಪಿತೆಂದು ಎಲ್ಲವನ್ನೂ ಕೈಬಿಡುವವರು ಇದನ್ನು ಗಮನಿಸಬೇಕು.

ಕೊಂಡಿಯ ಪಾಠ

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆ ಎಳೆಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸಲಾಗುತ್ತದೆ. ಹೊಸ ಅಭ್ಯಾಸಕ್ಕೂ ಇಂಥದೇ ಕೊಂಡಿ ಬೇಕು. ‘ಸಮಯ ಸಿಕ್ಕಾಗ ನಡೆಯುವೆ’ ಎಂಬ ನಿರ್ಧಾರ ಉಳಿಯುವುದು ಅಪರೂಪ. ‘ಬೆಳಗಿನ ಚಹಾ ಮುಗಿದೊಡನೆ ಹತ್ತು ನಿಮಿಷ’ ಎಂಬುದು ಉಳಿಯುತ್ತದೆ. ದಿನವಿಡೀ ಗುಂಡಿಮಗ್ಗದಲ್ಲಿ ಬಾಗಿ ಕುಳಿತು ದುಡಿಯುವವರು ಊಟಕ್ಕೆ ಎದ್ದಾಗಲೇ ಬೆನ್ನು, ಭುಜಗಳನ್ನು ಸಡಿಲಿಸುವ ವ್ಯಾಯಾಮವನ್ನು ಜೋಡಿಸಿಕೊಳ್ಳಬಹುದು.

ಅಳತೆ ಮೀರದಿರಲಿ

ಉತ್ತರ ಕರ್ನಾಟಕದ ಗರಡಿಮನೆಗಳಲ್ಲಿ ಹೊಸಬರು ದಂಡ, ಬೈಠಕ್‌ಗಳಿಂದ ತೊಡಗುತ್ತಾರೆ. ಎಣಿಕೆ ಮೆಲ್ಲನೆ ಏರುತ್ತದೆ. ಜೊತೆಗಾರರು ಕಾಯುತ್ತಾರೆಂಬ ಭಾವನೆಯೇ ಬೇಸರದ ದಿನವೂ ಕಾಲನ್ನು ಅತ್ತ ಎಳೆಯುತ್ತದೆ. ಬಾದಾಮಿಯವರು ಬೆಟ್ಟದ ಮೆಟ್ಟಿಲುಗಳನ್ನು ಮೊದಲ ದಿನವೇ ಗುರಿಯಾಗಿಸದೆ, ಸಮತಟ್ಟಾದ ಹಾದಿಯಲ್ಲಿ ನೆರೆಯವರೊಬ್ಬರನ್ನು ಕರೆದುಕೊಂಡು ನಡೆಯತೊಡಗುವುದು ಲೇಸು. ನಡೆಯುವಾಗ ಮಾತನಾಡಲು ಸಾಧ್ಯವಾಗುವಷ್ಟೇ ವೇಗವಿರಲಿ.

ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವ ಈ ಜಿಲ್ಲೆಯಲ್ಲಿ ಸೂರ್ಯೋದಯದ ಹೊತ್ತೇ ಸೂಕ್ತ. ಹೃದ್ರೋಗವಿರುವವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಪಡೆಯುವವರು ಮೊದಲು ವೈದ್ಯರನ್ನು ಕಾಣಬೇಕು. ಎದೆನೋವು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಿ ಚಿಕಿತ್ಸೆ ಪಡೆಯಬೇಕು. ಉಳಿದಂತೆ, ಮನಸ್ಸಿಲ್ಲದ ದಿನವೂ ಐದು ನಿಮಿಷವಾದರೂ ನಡೆದು ಬಂದರೆ ಕ್ಯಾಲೆಂಡರಿನ ಗುರುತು ತಪ್ಪುವುದಿಲ್ಲ.