ಹಳೆಯ ಭಾಷೆಯೋ, ಹೊಸದೋ?

ಗಣಕಯಂತ್ರಕ್ಕೆ ಆಜ್ಞೆ ಬರೆಯಲು ಕೋಬಾಲ್ ಕಲಿಯಬೇಕೋ, ಪೈಥಾನ್ ಕಲಿಯಬೇಕೋ ಎಂದು ವಾಚನಾಲಯದ ಬಂಧುಗಳು ನಮ್ಮನ್ನು ಕೇಳುವುದುಂಟು.

1959ರಲ್ಲಿ ರೂಪಿಸಲಾರಂಭಿಸಿದ ಕೋಬಾಲ್ ಲೆಕ್ಕಪತ್ರಕ್ಕೆಂದೇ ಹುಟ್ಟಿದ್ದು. ಅನೇಕ ಬ್ಯಾಂಕು, ವಿಮಾ ಕಚೇರಿಗಳ ಲೆಕ್ಕ ಇಂದಿಗೂ ಅದರಲ್ಲೇ ನಡೆಯುತ್ತದೆ. 2020ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯವು ಅದನ್ನು ಬಲ್ಲವರು ನೆರವಿಗೆ ಬರಬೇಕೆಂದು ಬಹಿರಂಗವಾಗಿ ಕೇಳಿಕೊಂಡಿತು. ಆದರೆ ಇಂಥ ಕಡೆ ಬೇಕಾಗುವವರು ಪಳಗಿದವರು, ಹೊಸಬರಲ್ಲ.

1991ರಲ್ಲಿ ಹೊರಬಂದ ಪೈಥಾನ್ ಕಲಿಯಲು ಸುಲಭ, ಅದರ ಬಳಕೆಯೂ ವಿಸ್ತಾರ. ಆದರೆ ಅದರಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂದು ಬರುತ್ತದೆ! ಪೈಸೆಯ ಲೆಕ್ಕಕ್ಕೆ ಅದರಲ್ಲಿರುವ ದಶಮಾಂಶದ ಬೇರೆ ಏರ್ಪಾಡನ್ನೇ ಬಳಸಬೇಕು.

ಕಚೇರಿಯಲ್ಲಿ ಕೋಬಾಲ್ ಕೆಲಸ ಕೈಗೆ ಸಿಗುವಂತಿದ್ದರೆ ಅದನ್ನೇ ಕಲಿಯಿರಿ; ಉಳಿದವರಿಗೆ ಪೈಥಾನಿನಿಂದ ಆರಂಭಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ಒಂದನ್ನು ಚೆನ್ನಾಗಿ ಕಲಿತವರಿಗೆ ಮತ್ತೊಂದು ಹಗುರ. ಎರಡೂ ಪುಕ್ಕಟೆಯಾಗಿ ದೊರೆಯುತ್ತವೆ. ಸಾಲಮಾಡಿ ಶುಲ್ಕ ಕಟ್ಟುವ ಮುನ್ನ ಒಂದು ತಿಂಗಳು ಸ್ವತಃ ಅಭ್ಯಾಸ ಮಾಡಿ ನೋಡಿರಿ.