ಕರುಳಿನ ಕ್ಯಾನ್ಸರ್ ಪತ್ತೆಗೆ ಅವಕೆಂಪು ಬೆಳಕಿನ ಸಾಕ್ಷ್ಯ

ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಇದೆಯೇ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಪೆಥಾಲಜಿಸ್ಟರ ಕಣ್ಣು. ಕೊಲೊನೋಸ್ಕೋಪಿಯಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಕೋಶಗಳ ಆಕಾರ ಮತ್ತು ಜೋಡಣೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಲಿತ ಗಡ್ಡೆಯಾದರೆ ಅನುಮಾನಕ್ಕೆ ಎಡೆ ಕಡಿಮೆ. ಆದರೆ ಕರುಳಿನ ಒಳಗೋಡೆಯ ಸಣ್ಣ ಬೆಳವಣಿಗೆಯಾದ ಪಾಲಿಪ್‌ನ ಕೋಶಗಳು ಎಷ್ಟರಮಟ್ಟಿಗೆ ಕೆಟ್ಟಿವೆ ಎಂಬ ಪ್ರಶ್ನೆ ಬಂದಾಗ, ಒಂದೇ ಸ್ಲೈಡ್ ನೋಡಿದ ಇಬ್ಬರು ಅನುಭವಿಗಳ ಅಭಿಪ್ರಾಯ ಬೇರೆಯಾಗುವುದುಂಟು. ಆಕಾರದ ಜೊತೆಗೆ ಕೋಶದ ರಾಸಾಯನಿಕ ಸ್ಥಿತಿಯನ್ನೂ ಅಳೆಯಬೇಕು ಎನ್ನುವುದಕ್ಕೆ ಇದೇ ಬಲವಾದ ಕಾರಣ.

ಅವಕೆಂಪು ಕಿರಣ ಆ ಕೆಲಸ ಮಾಡಬಲ್ಲದು. ಅಣುವಿನ ಪ್ರತಿಯೊಂದು ಬಂಧವೂ ತನ್ನದೇ ವೇಗದಲ್ಲಿ ಕಂಪಿಸುತ್ತದೆ. ಆ ಕಂಪನಕ್ಕೆ ಹೊಂದುವ ಕಿರಣವನ್ನು ಹೀರಿಕೊಳ್ಳುತ್ತದೆ. ಪ್ರೋಟೀನು ಸುಮಾರು 6 ಮೈಕ್ರೋಮೀಟರ್ ತರಂಗಾಂತರದಲ್ಲಿ, ಡಿಎನ್ಎಯ ಫಾಸ್ಫೇಟು 8 ಮತ್ತು 9 ಮೈಕ್ರೋಮೀಟರ್ ಆಸುಪಾಸಿನಲ್ಲಿ ಗುರುತು ಬಿಡುತ್ತವೆ. ಈ ಗುರುತುಗಳೆಲ್ಲ ಸೇರಿದ ನಕ್ಷೆಯೇ ರೋಹಿತ. ಕ್ಯಾನ್ಸರ್ ಪೀಡಿತ ಕರುಳಿನ ಅಂಗಾಂಶದ ರೋಹಿತ ಬೇರೆಯಾಗಿರುತ್ತದೆಂದು ಬೇಸಿಲ್ ರಿಗಾಸ್ ಮತ್ತು ಸಂಗಡಿಗರು 1990ರಲ್ಲೇ ತೋರಿಸಿದ್ದರು. ಆದರೆ ಒಂದು ಮಾದರಿಯ ಚಿತ್ರ ಪಡೆಯಲು ಸುಮಾರು ಒಂದು ದಿನ ಹಿಡಿಯುತ್ತಿತ್ತು. ಜರ್ಮನಿಯ ಬೋಖುಮ್‌ನಲ್ಲಿ ಕ್ಲಾಸ್ ಗೆರ್ವರ್ಟ್ ಅವರ ತಂಡ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ ಎಂಬ ಅವಕೆಂಪು ಲೇಸರ್ ಬಳಸಿ ಆ ಅವಧಿಯನ್ನು ಅರ್ಧ ಗಂಟೆಗೆ ಇಳಿಸಿತು. 2018ರಲ್ಲಿ ಪ್ರಕಟವಾದ, 110 ರೋಗಿಗಳ ಮಾದರಿಗಳ ಅಧ್ಯಯನದಲ್ಲಿ ಈ ವಿಧಾನ ಪೆಥಾಲಜಿಸ್ಟರು ಗುರುತಿಸಿದ್ದ ಕ್ಯಾನ್ಸರ್‌ಗಳಲ್ಲಿ 96% ಪತ್ತೆ ಹಚ್ಚಿತು, ಆರೋಗ್ಯವಂತ ಅಂಗಾಂಶವನ್ನು ಕ್ಯಾನ್ಸರ್ ಎನ್ನಲಿಲ್ಲ. ಮಾದರಿಗೆ ಬಣ್ಣ ಹಾಕುವ ಅಗತ್ಯವೂ ಇರಲಿಲ್ಲ.

ಈ ವಿಧಾನದಲ್ಲಿ ರೋಹಿತವನ್ನು ಓದಿ ಕ್ಯಾನ್ಸರ್ ಗುರುತಿಸುವುದು ಕಂಪ್ಯೂಟರು. ಪೆಥಾಲಜಿಸ್ಟರ ತೀರ್ಪನ್ನೇ ನೋಡಿ ಕಲಿತ ಈ ಯಂತ್ರ ಅವರನ್ನು ಮೀರುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದು. ಹಾಗಾಗಿಯೇ ಯಂತ್ರಕ್ಕೆ ಸ್ಲೈಡಿನ ಅಭಿಪ್ರಾಯವಷ್ಟೇ ಸಾಲದು; ಪಾಲಿಪ್ ಮುಂದೆ ಏನಾಯಿತು, ರೋಗ ಮರುಕಳಿಸಿತೇ ಎಂಬ ವಾಸ್ತವವನ್ನೂ ಕಲಿಸಬೇಕು. ಎರಡನೆಯ ಆಕ್ಷೇಪ ಪ್ರಾಯೋಗಿಕ. ಸಾಮಾನ್ಯ ಗಾಜಿನ ಸ್ಲೈಡು ಬೇಕಾದ ಕಿರಣವನ್ನೇ ನುಂಗುತ್ತದೆ. ಮಾದರಿಯಲ್ಲಿ ಉಳಿದ ನೀರು ಪ್ರೋಟೀನಿನ ಗುರುತನ್ನೇ ಮರೆಮಾಡುತ್ತದೆ. ಮೇಣಕ್ಕೂ ತನ್ನದೇ ಗುರುತುಗಳಿವೆ. ಕ್ಯಾಲ್ಸಿಯಂ ಫ್ಲೋರೈಡಿನಂಥ ಸ್ಲೈಡು, ಎಲ್ಲೆಡೆ ಒಂದೇ ಬಗೆಯ ಮಾದರಿ ತಯಾರಿಕೆ ಇದಕ್ಕೆ ಪರಿಹಾರ. ಒಂದು ಪ್ರಯೋಗಾಲಯದಲ್ಲಿ ಗೆದ್ದ ವಿಧಾನವನ್ನು ಹಲವು ಆಸ್ಪತ್ರೆಗಳಲ್ಲಿ, ಕರುಳಿನ ಉರಿಯೂತದಂಥ ಗೊಂದಲದ ಮಾದರಿಗಳ ಮೇಲೂ ಪರೀಕ್ಷಿಸದೆ ನಂಬಬಾರದು. ಅಲ್ಲಿಯವರೆಗೆ ಕೊನೆಯ ಮಾತು ಪೆಥಾಲಜಿಸ್ಟರದೇ ಇರಲಿ. ಅನುಮಾನದ ಪಾಲಿಪ್ ಎದುರಾದಾಗ ಅವರ ಮುಂದೆ ರೋಹಿತದ ಅಳತೆಯೂ ಇರಲಿ. ಅನಗತ್ಯ ಶಸ್ತ್ರಚಿಕಿತ್ಸೆ ಮತ್ತು ತಡವಾದ ಪತ್ತೆ, ಎರಡರಿಂದಲೂ ರೋಗಿಯನ್ನು ಕಾಪಾಡಲು ಈ ಜೋಡಿ ಸಾಕ್ಷ್ಯವೇ ಸರಿಯಾದ ದಾರಿ.